ಲೆಕ್ಕ ತೆರೆದಿರಬೇಕು, ಬಾಗಿಲು ಮುಚ್ಚಿರಬೇಕು: ಸಂಕಷ್ಟದಲ್ಲಿರುವ ಹೆಂಗಸರಿಗೆ ನೆರವಾಗುವ ಸಂಸ್ಥೆಯನ್ನು ಆರಿಸುವ ಬಗೆ

ಮಾರ್ಚ್ ತಿಂಗಳ ಕೊನೆಯ ವಾರ ಬಂತೆಂದರೆ ನನಗೆ ಒಂದೇ ಬಗೆಯ ಫೋನ್ ಕರೆಗಳು ಬರತೊಡಗುತ್ತವೆ. ಮೂರು ದಶಕ ಬ್ಯಾಂಕಿನಲ್ಲಿ ದುಡಿದು ನಿವೃತ್ತಳಾಗಿ ಉಡುಪಿಯಲ್ಲಿ ನೆಲೆಸಿರುವ ನನಗೆ ಲೆಕ್ಕಪತ್ರ ಓದಲು ಬರುತ್ತದೆ ಎಂಬ ಕಾರಣಕ್ಕೆ, ಹಳೆಯ ಸಹೋದ್ಯೋಗಿಗಳೂ ಗಲ್ಫಿನಲ್ಲಿರುವ ಬಂಧುಗಳೂ ದೇಣಿಗೆ ಕೊಡುವ ಮೊದಲು ಒಂದು ಮಾತು ಕೇಳುತ್ತಾರೆ. ಎರಡು ವರ್ಷದ ಹಿಂದೆ ಹಾಗೆ ಕೇಳಿದವರು ಮಂಗಳೂರಿನ ಬಿಜೈಯಲ್ಲಿರುವ ಒಬ್ಬ ಗೆಳತಿ. ತಾಯಿಯ ವರ್ಷಾಂತಿಕದ ನೆನಪಿಗೆ 50,000 ರೂಪಾಯಿಯನ್ನು ಕಷ್ಟದಲ್ಲಿರುವ ಹೆಂಗಸರಿಗಾಗಿ ಕೊಡಬೇಕೆಂದಿದ್ದೇನೆ, ಒಳ್ಳೆಯ ಸಂಸ್ಥೆಯ ಹೆಸರೊಂದನ್ನು ಹೇಳಿ ಎಂದರು. ನಾನು ಹೆಸರು ಹೇಳಲಿಲ್ಲ. ಇಂತಹ ಸಂಸ್ಥೆಗಳು ಒಬ್ಬಿಬ್ಬರು ನಿಷ್ಠಾವಂತರ ಮೇಲೆ ನಿಂತಿರುತ್ತವೆ. ಅವರು ಬಿಟ್ಟುಹೋದ ಮರುವರ್ಷವೇ ಅಲ್ಲಿನ ಗಾಳಿ ಬದಲಾಗಬಹುದು, ಹತ್ತು ವರ್ಷ ಹಿಂದಿನ ಒಳ್ಳೆಯ ಹೆಸರು ಇಂದಿಗೆ ಸಲ್ಲದೆ ಹೋಗಬಹುದು. ಹಾಗಾಗಿ ಆರಿಸುವ ಕ್ರಮವನ್ನು ಅವರಿಗೆ ಪತ್ರವಾಗಿ ಬರೆದೆ. ಅದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿದ್ದೇನೆ.

ಇಡೀ ಪತ್ರದಲ್ಲಿ ನಾನು ಹೇಳಹೊರಟದ್ದು ಒಂದೇ ಸಂಗತಿ. ಒಳ್ಳೆಯ ಸಂಸ್ಥೆ ತನ್ನ ಲೆಕ್ಕವನ್ನು ದಾನಿಗೆ ತೋರಿಸುತ್ತದೆ, ತನ್ನಲ್ಲಿರುವ ಹೆಂಗಸರನ್ನು ತೋರಿಸುವುದಿಲ್ಲ. ನಾನು ಕಂಡ ಹಲವು ಕಡೆ ಇದು ತಿರುವುಮುರುವಾಗಿದೆ.

ಸರ್ಕಾರ ಏನು ಕೊಡುತ್ತದೆ ಎಂಬುದನ್ನು ಮೊದಲು ತಿಳಿಯಿರಿ

ದಾನಿಗಳಲ್ಲಿ ಹೆಚ್ಚಿನವರು ಸರ್ಕಾರದ ವ್ಯವಸ್ಥೆಯನ್ನು ಅರಿಯದೆಯೇ ಹಣ ಕೊಡುತ್ತಾರೆ. ಆಗ ಈಗಾಗಲೇ ಉಚಿತವಾಗಿ ಸಿಗಬೇಕಾದ ಸೇವೆಗೆ ಅವರು ಎರಡನೆಯ ಬಾರಿ ಹಣ ತೆತ್ತಂತಾಗುತ್ತದೆ. ತುರ್ತು ಸಂದರ್ಭಕ್ಕೆ 112, ಮಹಿಳಾ ಸಹಾಯವಾಣಿಗೆ 181, ಮಕ್ಕಳಿಗಾಗಿ 1098 ಇವೆ. 2015ರ ಏಪ್ರಿಲ್‌ನಿಂದ ಕೇಂದ್ರ ಸರ್ಕಾರದ ಯೋಜನೆಯಡಿ ಜಿಲ್ಲೆಗಳಲ್ಲಿ ಆರಂಭವಾದ ಸಖಿ ಒನ್ ಸ್ಟಾಪ್ ಸೆಂಟರ್‌ಗಳಲ್ಲಿ ವೈದ್ಯಕೀಯ ನೆರವು, ಪೊಲೀಸ್ ನೆರವು, ಆಪ್ತಸಮಾಲೋಚನೆ, ಕಾನೂನು ಸಲಹೆ ಇವೆಲ್ಲ ಒಂದೇ ಸೂರಿನಡಿ ಸಿಗಬೇಕು. ಆದರೆ ಅಲ್ಲಿ ತಂಗಲು ಅವಕಾಶವಿರುವುದು ಸಾಮಾನ್ಯವಾಗಿ ಐದು ದಿನ ಮಾತ್ರ. ಅದಕ್ಕಿಂತ ದೀರ್ಘವಾದ ವಾಸಕ್ಕೆ ಹಿಂದೆ ಸ್ವಾಧಾರ ಗೃಹಗಳಿದ್ದವು. 2022ರಲ್ಲಿ ಮಿಷನ್ ಶಕ್ತಿ ಯೋಜನೆ ಬಂದಾಗ ಅವನ್ನೂ ಮಾನವ ಸಾಗಣೆಯಿಂದ ಪಾರಾದವರಿಗಾಗಿದ್ದ ಉಜ್ವಲಾ ಗೃಹಗಳನ್ನೂ ಸೇರಿಸಿ ಶಕ್ತಿ ಸದನ ಎಂದು ಕರೆಯಲಾಯಿತು. ಉಡುಪಿಯ ನಿಟ್ಟೂರಿನಲ್ಲಿರುವ ರಾಜ್ಯ ಮಹಿಳಾ ನಿಲಯ ಸರ್ಕಾರವೇ ನಡೆಸುವ ಮನೆ. ಅಲ್ಲಿನ ಹೆಣ್ಣುಮಕ್ಕಳ ಮದುವೆಯ ಸುದ್ದಿ ಪತ್ರಿಕೆಗಳಲ್ಲಿ ಬರುವುದರಿಂದ ನಮ್ಮ ಊರವರಿಗೆ ಅದು ಪರಿಚಿತ. ನೊಂದ ಹೆಂಗಸರಿಗೆ ಸಮಾಲೋಚನೆ ಮತ್ತು ನೆರವು ಕೊಡುವ ಸಾಂತ್ವನ ಕೇಂದ್ರಗಳು ಸರ್ಕಾರದ ಅನುದಾನದಿಂದ ಸ್ವಯಂಸೇವಾ ಸಂಸ್ಥೆಗಳು ನಡೆಸುವಂಥವು.

ಕಾನೂನು ನೆರವಿನ ವಿಷಯದಲ್ಲಂತೂ ಒಂದು ಮಾತನ್ನು ಒತ್ತಿ ಹೇಳಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಯಾವುದೇ ಮಹಿಳೆಗೆ, ಅವಳ ವರಮಾನ ಎಷ್ಟೇ ಇರಲಿ, ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟರೆ ಸಾಕು, 15100ಕ್ಕೆ ಕರೆ ಮಾಡಿಯೂ ಕೇಳಬಹುದು. ಅದೇ ರೀತಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವಳಿಗೆ ಸರ್ಕಾರಿ ಆಸ್ಪತ್ರೆಯಷ್ಟೇ ಅಲ್ಲ, ಖಾಸಗಿ ಆಸ್ಪತ್ರೆಯೂ ತಕ್ಷಣ ಉಚಿತ ಪ್ರಥಮ ಚಿಕಿತ್ಸೆ ಕೊಡಲೇಬೇಕೆಂದು ಕಾನೂನು ಹೇಳುತ್ತದೆ. ಮೂಲೆಗೊಂದು ಮೆಡಿಕಲ್ ಕಾಲೇಜು ಇರುವ ಮಂಗಳೂರು–ಮಣಿಪಾಲ ಪ್ರದೇಶದಲ್ಲಿ ಈ ಮಾತಿಗೆ ಬೆಲೆ ಹೆಚ್ಚು. ಆದ್ದರಿಂದ ವಕೀಲರ ಶುಲ್ಕಕ್ಕೆಂದೋ ಇಂತಹ ಚಿಕಿತ್ಸೆಗೆಂದೋ ಹಣ ಸಂಗ್ರಹಿಸುವ ಸಂಸ್ಥೆಯನ್ನು, ಉಚಿತವಾಗಿ ಸಿಗುವುದನ್ನು ಕೇಳಿ ನೋಡಿದ್ದೀರಾ, ಕೇಳಿದ್ದರೆ ಎಲ್ಲಿ ತಡೆಯಾಯಿತು ಎಂದು ವಿಚಾರಿಸುವುದು ಅವಮಾನವಲ್ಲ. ಕೆಲಸ ಬಲ್ಲವರು ಈ ಪ್ರಶ್ನೆಗೆ ಉತ್ಸಾಹದಿಂದಲೇ ಉತ್ತರಿಸುತ್ತಾರೆ, ಏಕೆಂದರೆ ಆ ತಡೆಗಳ ಕತೆ ಅವರಲ್ಲಿ ಬೇಕಾದಷ್ಟಿರುತ್ತದೆ.

ಯಾವ ಸಂಕಷ್ಟ ಎಂಬುದನ್ನು ನಿರ್ಧರಿಸಿ

‘ಸಂಕಷ್ಟದಲ್ಲಿರುವ ಮಹಿಳೆ’ ಎಂಬ ಮಾತು ಬಹಳ ಅಗಲವಾದದ್ದು. ಗಂಡನ ಹೊಡೆತ ತಾಳಲಾರದೆ ಮಧ್ಯರಾತ್ರಿ ಮಗುವನ್ನೆತ್ತಿಕೊಂಡು ಹೊರಬಂದವಳಿಗೆ ಬೇಕಾದದ್ದು ಒಂದು, ಮದುವೆಯಾಗದೆ ಬಸುರಾದ ಹುಡುಗಿಗೆ ಬೇಕಾದದ್ದು ಇನ್ನೊಂದು, ರೈಲು ನಿಲ್ದಾಣದಲ್ಲಿ ಊರು ಹೆಸರು ಹೇಳಲಾಗದೆ ಕುಳಿತಿರುವ ಮನೋರೋಗಿಗೆ ಬೇಕಾದದ್ದು ಮತ್ತೊಂದು. ಎಲ್ಲವನ್ನೂ ಒಂದೇ ಕಟ್ಟಡದಲ್ಲಿ, ನಾಲ್ಕು ಮಂದಿ ಸಿಬ್ಬಂದಿಯಿಂದ ಮಾಡುತ್ತೇವೆ ಎನ್ನುವ ಸಂಸ್ಥೆಯ ಬಗ್ಗೆ ನನಗೆ ಅನುಮಾನ. ಮನೋರೋಗಿಗಳನ್ನು ಚಿಕಿತ್ಸೆ ಮತ್ತು ಪಾಲನೆಗೆಂದು ಇರಿಸಿಕೊಳ್ಳುವ ಮನೆಗೆ 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯಡಿ ಪ್ರತ್ಯೇಕ ನೋಂದಣಿ ಬೇಕು. ಅದಿಲ್ಲದೆ ‘ಅವರನ್ನೂ ನೋಡಿಕೊಳ್ಳುತ್ತೇವೆ’ ಎಂದರೆ ಯಾರು ನೋಡುತ್ತಾರೆ, ಯಾವ ವೈದ್ಯರು ವಾರಕ್ಕೆಷ್ಟು ಸಲ ಬರುತ್ತಾರೆ ಎಂದು ಕೇಳಬೇಕು.

ನಮ್ಮ ಕರಾವಳಿಯ ಸಂಕಷ್ಟಗಳಿಗೆ ತಮ್ಮದೇ ಆದ ಚಹರೆಯಿದೆ. ನಮ್ಮದು ತಾಯಿಯ ಕಡೆಯಿಂದ ಆಸ್ತಿ ಇಳಿಯುವ ಅಳಿಯಕಟ್ಟಿನ ನಾಡು, ಇಲ್ಲಿನ ಹೆಣ್ಣಿಗೆ ತವರಿನ ಬಾಗಿಲು ಎಂದೂ ಮುಚ್ಚುವುದಿಲ್ಲ ಎಂದು ಹೆಮ್ಮೆಯಿಂದ ಹೇಳುವವರನ್ನು ನಾನು ಬಹಳ ಕಂಡಿದ್ದೇನೆ. ಬಂಟ, ಬಿಲ್ಲವ, ಮೊಗವೀರ ಮೊದಲಾದ ಸಮುದಾಯಗಳಲ್ಲಿ ಆ ಕಟ್ಟಿನ ಬಲ ಒಂದು ಕಾಲಕ್ಕೆ ನಿಜವಾಗಿಯೂ ಇತ್ತು. ಆದರೆ ಕುಟುಂಬದ ಆಸ್ತಿ ಪಾಲಾಗಿ, ತರವಾಡು ಎಂಬ ಮೂಲಮನೆಯ ಬಾಗಿಲು ವರ್ಷಕ್ಕೊಮ್ಮೆ ದೈವದ ಕೋಲದ ದಿನ ಮಾತ್ರ ತೆರೆಯುವ ಈ ಕಾಲದಲ್ಲಿ, ಹೊರಬಿದ್ದ ಹೆಣ್ಣುಮಗಳು ಹೋಗಿ ನಿಲ್ಲಬೇಕಾದದ್ದು ತಮ್ಮನ ಎರಡು ಕೋಣೆಯ ಫ್ಲ್ಯಾಟಿನ ಮುಂದೆ. ಗಲ್ಫಿಗೆ ಹೋದ ಗಂಡ ಹಣ ಕಳಿಸುವುದನ್ನು ನಿಲ್ಲಿಸಿದರೆ ಅವನಿಗೆ ನೋಟಿಸು ಮುಟ್ಟಿಸುವುದೇ ಒಂದು ದೊಡ್ಡ ಕೆಲಸ. ಬೀಡಿ ಕಟ್ಟಿ ಸಂಸಾರ ಸಾಗಿಸುವವಳ ಕೈಯಲ್ಲಿ ನಾಲ್ಕು ಕಾಸಿರುತ್ತದೆ, ಆದರೆ ಮನೆಯ ಪತ್ರ ಅವಳ ಹೆಸರಿನಲ್ಲಿರುವುದಿಲ್ಲ. ಮೀನಿನ ಕಾರ್ಖಾನೆಗಳಿಗೂ ಕಟ್ಟಡದ ಕೆಲಸಕ್ಕೂ ಉತ್ತರ ಕರ್ನಾಟಕದಿಂದಲೋ ದೂರದ ರಾಜ್ಯಗಳಿಂದಲೋ ಬಂದ ಹೆಂಗಸರಿಗೆ ಇಲ್ಲಿ ತವರೇ ಇಲ್ಲ.

ಆದ್ದರಿಂದ ಭಾಷೆಯ ಪ್ರಶ್ನೆಯನ್ನು ಮೊದಲಿಗೇ ಕೇಳಿ. ಆಪ್ತಸಮಾಲೋಚಕಿಗೆ ತುಳು ಬರುತ್ತದೆಯೆ, ಬ್ಯಾರಿ ಭಾಷೆ ಅಥವಾ ಕೊಂಕಣಿ ಬಲ್ಲವರು ತಂಡದಲ್ಲಿದ್ದಾರೆಯೆ, ಹಿಂದಿ ಮಾತ್ರ ಬಲ್ಲವಳು ಬಂದರೆ ಏನು ಮಾಡುತ್ತಾರೆ? ಕನ್ನಡದಲ್ಲಿ ವ್ಯವಹರಿಸಬಲ್ಲ ಹೆಂಗಸೂ ತನ್ನ ಮೈಮೇಲಿನ ಗಾಯದ ಬಗ್ಗೆ ಹೇಳುವಾಗ ಮನೆಮಾತಿಗೆ ಮರಳುತ್ತಾಳೆ. ನಮ್ಮಲ್ಲಿ ಇದು ಕಷ್ಟದ ಬೇಡಿಕೆಯೂ ಅಲ್ಲ. 1960ರಲ್ಲೇ ಸಮಾಜಕಾರ್ಯದ ಶಿಕ್ಷಣ ಆರಂಭಿಸಿದ ರೋಶನಿ ನಿಲಯದಂತಹ ಕಾಲೇಜು ಮಂಗಳೂರಿನಲ್ಲಿರುವಾಗ, ಇಲ್ಲಿನ ಭಾಷೆಗಳನ್ನು ಆಡುವ ತರಬೇತಾದ ಹುಡುಗಿಯರು ಸಿಗುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಸಿಗುವ ಸಂಬಳಕ್ಕೆ ಅವರು ಉಳಿಯುವುದಿಲ್ಲ ಎಂದರೆ ಅದು ಬೇರೆ ಮಾತು, ಅದಕ್ಕೆ ಮುಂದೆ ಬರುತ್ತೇನೆ.

ದೂರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬೈಂದೂರಿನಿಂದ ಉಡುಪಿಗೆ ಸುಮಾರು 70 ಕಿಲೊಮೀಟರ್. ಸುಳ್ಯದ ಒಳಗಿನ ಹಳ್ಳಿಯಿಂದ ಮಂಗಳೂರಿಗೆ ಬರಬೇಕಾದವಳಿಗೆ ಸಂಜೆಯ ಕೊನೆಯ ಬಸ್ಸು ತಪ್ಪಿದರೆ ರಾತ್ರಿಯಿಡೀ ದಾರಿಯಿಲ್ಲ. ನಗರದ ಸಂಸ್ಥೆ ತಾಲ್ಲೂಕಿನಿಂದ ಕರೆ ಬಂದಾಗ ಏನು ಮಾಡುತ್ತದೆ, ವಾಹನದ ಬಾಡಿಗೆ ಯಾರು ಕೊಡುತ್ತಾರೆ ಎಂಬ ಪ್ರಶ್ನೆಗೆ ಸಿಗುವ ಉತ್ತರದಿಂದ ಬಹಳಷ್ಟು ತಿಳಿಯುತ್ತದೆ.

ಕಾಗದಪತ್ರಗಳು

ಇದು ಬೇಸರದ ಭಾಗ, ಆದರೆ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಸಂಸ್ಥೆಯು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘವಾಗಿರಬಹುದು, ಉಪನೋಂದಣಿ ಕಚೇರಿಯಲ್ಲಿ ದಾಖಲಾದ ಟ್ರಸ್ಟ್ ಆಗಿರಬಹುದು, ಲಾಭರಹಿತ ಕಂಪನಿಯೂ ಆಗಿರಬಹುದು. ಯಾವುದಾದರೂ ಸರಿ, ನೋಂದಣಿ ಸಂಖ್ಯೆಯನ್ನು ಕೇಳಿ ಪಡೆಯಿರಿ. ನೀತಿ ಆಯೋಗದ ಎನ್‌ಜಿಒ ದರ್ಪಣ್ ಜಾಲತಾಣದಲ್ಲಿ ಸಂಸ್ಥೆಯ ವಿಶಿಷ್ಟ ಗುರುತು ಸಂಖ್ಯೆ, ಪದಾಧಿಕಾರಿಗಳ ಹೆಸರು ಸಿಗುತ್ತವೆ. ಪದಾಧಿಕಾರಿಗಳೆಲ್ಲ ಒಂದೇ ಮನೆಯ ಗಂಡ, ಹೆಂಡತಿ, ಮಗ, ಸೊಸೆಯಾಗಿದ್ದರೆ ಅದನ್ನು ಗುರುತು ಹಾಕಿಕೊಳ್ಳಿ. ಅದೊಂದೇ ಅಪರಾಧವಲ್ಲವಾದರೂ ಮುಂದಿನ ಪ್ರಶ್ನೆಗಳನ್ನು ಹೆಚ್ಚು ಗಟ್ಟಿಯಾಗಿ ಕೇಳಲು ಅದು ಕಾರಣ. ಕೌಟುಂಬಿಕ ಹಿಂಸೆಗೆ ಸಂಬಂಧಿಸಿ ಕೆಲಸ ಮಾಡುವುದಾದರೆ, 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯಡಿ ಸೇವಾ ಸಂಸ್ಥೆಯಾಗಿ ನೋಂದಾಯಿಸಿಕೊಂಡಿದೆಯೆ ಎಂದು ಕೇಳಿ. ಹಾಗೆ ನೋಂದಾಯಿತವಾದ ಸಂಸ್ಥೆ ಹಿಂಸೆಯ ವರದಿಯನ್ನು ದಾಖಲಿಸಿ ಮ್ಯಾಜಿಸ್ಟ್ರೇಟರಿಗೂ ಸಂರಕ್ಷಣಾಧಿಕಾರಿಗೂ ಕಳಿಸಬಲ್ಲದು. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಈ ಸಂರಕ್ಷಣಾಧಿಕಾರಿಯ ಹೊಣೆಯನ್ನೂ ಹೊತ್ತಿರುವುದರಿಂದ, ಅವರ ಕಚೇರಿಯಲ್ಲಿ ಒಂದು ಮಾತು ವಿಚಾರಿಸಿದರೆ ಆ ಸಂಸ್ಥೆ ನಿಜಕ್ಕೂ ಪ್ರಕರಣಗಳನ್ನು ತರುತ್ತದೆಯೋ ಇಲ್ಲವೋ ತಿಳಿದುಬಿಡುತ್ತದೆ.

ತೆರಿಗೆ ರಿಯಾಯಿತಿಯ ಬಗ್ಗೆ ದಾನಿಗಳಿಗೆ ಇರುವ ಮೋಹಕ್ಕೆ ಹೋಲಿಸಿದರೆ ಅದರ ಮಹತ್ವ ಸಣ್ಣದು. 80ಜಿ ಎಂಬ ಹೆಸರಿನಿಂದ ಪರಿಚಿತವಾದ ಈ ಆದಾಯ ತೆರಿಗೆ ರಿಯಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಉಳಿದವರಿಗಷ್ಟೇ ಸಿಗುತ್ತದೆ. ಇಂತಹ ಸಂಸ್ಥೆಗಳಿಗೆ ಕೊಟ್ಟದ್ದರಲ್ಲಿ ಸಾಮಾನ್ಯವಾಗಿ ಅರ್ಧದಷ್ಟು ಮೊತ್ತಕ್ಕೆ, ಅದೂ ಒಂದು ಮಿತಿಯೊಳಗೆ. 2,000 ರೂಪಾಯಿಗಿಂತ ಹೆಚ್ಚಿನ ನಗದಿಗೆ ಏನೂ ಸಿಗುವುದಿಲ್ಲ. ಸಂಸ್ಥೆ ತನ್ನ ದಾನಿಗಳ ವಿವರವನ್ನು ಇಲಾಖೆಗೆ ಸಲ್ಲಿಸಿ, ಮೇ 31ರೊಳಗೆ ನಿಮಗೆ ದೇಣಿಗೆಯ ಪ್ರಮಾಣಪತ್ರ ಕೊಡಬೇಕು. ಬರೀ ರಸೀದಿ ಸಾಲದು. ರಿಯಾಯಿತಿ ಬೇಡವೆನಿಸಿದರೂ ಆ ಪ್ರಮಾಣಪತ್ರ ಸಮಯಕ್ಕೆ ಬರುತ್ತದೆಯೇ ಎಂದು ನೋಡಿ, ಕಚೇರಿಯ ಶಿಸ್ತು ಅದರಿಂದ ಗೊತ್ತಾಗುತ್ತದೆ. ನಮ್ಮಲ್ಲಿ ಗುಪ್ತದಾನಕ್ಕೆ ಪುಣ್ಯ ಹೆಚ್ಚೆಂಬ ನಂಬಿಕೆಯಿದೆ. ಆದರೆ ದಾನಿಯ ಹೆಸರು ವಿಳಾಸ ದಾಖಲಾಗದ ದೇಣಿಗೆ ಒಂದು ಮಿತಿಯನ್ನು ಮೀರಿದರೆ ಆ ಭಾಗಕ್ಕೆ ಸಂಸ್ಥೆ ಶೇ. 30ರಷ್ಟು ತೆರಿಗೆ ಕಟ್ಟಬೇಕಾಗುತ್ತದೆ. ಹೆಸರು ಕೊಟ್ಟು, ಅದನ್ನು ಪ್ರಕಟಿಸಬೇಡಿ ಎಂದು ಬರೆದರೆ ಗುಪ್ತದಾನದ ಸಂಕಲ್ಪಕ್ಕೂ ಭಂಗವಿಲ್ಲ.

ಗಲ್ಫಿನಲ್ಲಿರುವ ನಮ್ಮವರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ನಾವು ಕಳಿಸುವುದು ವಿದೇಶಿ ದೇಣಿಗೆಯಾಗುತ್ತದೆಯೆ? ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿ ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸುವ ಹಣ ವಿದೇಶಿ ದೇಣಿಗೆಯಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕೊಡುವುದು, ಭಾರತ ಮೂಲದ ವಿದೇಶಿ ಪೌರರಿಗೆ ಸಿಗುವ ಓಸಿಐ ಕಾರ್ಡ್ ಅವರ ಬಳಿ ಇದ್ದರೂ, ವಿದೇಶಿ ದೇಣಿಗೆಯೇ. ಅದನ್ನು ಪಡೆಯಲು ಸಂಸ್ಥೆಗೆ 2010ರ ವಿದೇಶಿ ದೇಣಿಗೆ (ನಿಯಂತ್ರಣ) ಕಾಯ್ದೆಯಡಿ ನೋಂದಣಿಯೂ, 2020ರ ತಿದ್ದುಪಡಿಯ ನಂತರ ನವದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯಲ್ಲಿ ಖಾತೆಯೂ ಇರಬೇಕು. ಕೆನಡಾದ ಪೌರತ್ವ ಪಡೆದ ಮಗನ ಹಣವನ್ನು ‘ಇಲ್ಲಿನ ಉಳಿತಾಯ ಖಾತೆಗೇ ಹಾಕಿ, ಪರವಾಗಿಲ್ಲ’ ಎನ್ನುವವರು ನಿಯಮ ಅರಿಯದವರು ಅಥವಾ ಅರಿತೂ ಮೀರುವವರು.

ಬ್ಯಾಲೆನ್ಸ್ ಶೀಟನ್ನು ಓದುವ ಕ್ರಮ

ಕಳೆದ ಮೂರು ವರ್ಷಗಳ ಲೆಕ್ಕಪರಿಶೋಧಿತ ಪಟ್ಟಿಗಳನ್ನು ಕೇಳಿ. ಒಂದು ವರ್ಷದ್ದು ಸಾಲದು, ಏಕೆಂದರೆ ಒಂದು ವರ್ಷದ ಲೆಕ್ಕವನ್ನು ಯಾರು ಬೇಕಾದರೂ ಚೆಂದ ಮಾಡಿ ತೋರಿಸಬಹುದು. ಮೂರನ್ನು ಪಕ್ಕಪಕ್ಕದಲ್ಲಿಟ್ಟರೆ ಮಾತ್ರ ಹಣ ಎತ್ತ ಹರಿಯುತ್ತಿದೆ ಎಂಬುದು ಕಾಣುತ್ತದೆ. ನಾನು ಮೊದಲು ನೋಡುವುದು ಆಸ್ತಿಯ ಕಡೆಯನ್ನು. ಜಾಗ ಮತ್ತು ಕಟ್ಟಡದ ಮೊತ್ತ ವರ್ಷದಿಂದ ವರ್ಷಕ್ಕೆ ಏರುತ್ತಾ, ಖರ್ಚಿನ ಕಡೆ ಊಟ, ಔಷಧಿ, ಸಂಬಳ ಅಲ್ಲೇ ನಿಂತಿದ್ದರೆ, ದಾನಿಗಳ ಹಣ ಗೋಡೆಯಾಗುತ್ತಿದೆ ಎಂದು ಅರ್ಥ. ಕರಾವಳಿಯಲ್ಲಿ ಕಟ್ಟಡಕ್ಕೆ ಹಣ ಎತ್ತುವುದು ಸುಲಭ, ಅಮೃತಶಿಲೆಯ ಹಲಗೆಯ ಮೇಲೆ ಹೆಸರು ಕೆತ್ತಿಸಬಹುದಲ್ಲ. ರಾತ್ರಿ ಪಾಳಿಯ ವಾರ್ಡನ್ನಿನ ಸಂಬಳದ ಮೇಲೆ ಹೆಸರು ಕೆತ್ತಿಸಲು ಬರುವುದಿಲ್ಲ. ನಂತರ ‘ಮುಂಗಡ ಮತ್ತು ಸಾಲಗಳು’ ಎಂಬ ಸಾಲನ್ನು ನೋಡುತ್ತೇನೆ. ಟ್ರಸ್ಟಿಗೋ ಅವರ ಬಂಧುವಿನ ಸಂಸ್ಥೆಗೋ ಮುಂಗಡ ಹೋಗಿ ಮೂರು ವರ್ಷವೂ ಅದೇ ಮೊತ್ತ ಮರಳದೆ ಕುಳಿತಿದ್ದರೆ ನನ್ನ ಮಟ್ಟಿಗೆ ಓದು ಅಲ್ಲಿಗೇ ಮುಗಿಯುತ್ತದೆ.

ಇನ್ನು ಆಡಳಿತ ವೆಚ್ಚದ ಮಾತು. ‘ನೀವು ಕೊಟ್ಟ ಒಂದೊಂದು ರೂಪಾಯಿಯೂ ನೇರವಾಗಿ ನೊಂದ ಮಹಿಳೆಗೆ’ ಎಂದು ಕರಪತ್ರದಲ್ಲಿ ಅಚ್ಚು ಹಾಕಿಸುವ ಸಂಸ್ಥೆಗಳಿವೆ, ಆ ಮಾತಿಗೆ ಮರುಳಾಗುವ ದಾನಿಗಳೂ ಇದ್ದಾರೆ. ಅನ್ನದಾನದಲ್ಲಿ ಅಕ್ಕಿ ಬೇಳೆಯೇ ಸೇವೆ, ಅದನ್ನು ಲೆಕ್ಕ ಹಾಕುವುದು ಸುಲಭ. ಇಲ್ಲಿ ಹಾಗಲ್ಲ. ರಾತ್ರಿ ಎರಡು ಗಂಟೆಗೆ ಬಾಗಿಲು ತೆಗೆಯುವವಳು, ಠಾಣೆಯಲ್ಲಿ ಮೂರು ಗಂಟೆ ಜೊತೆಯಲ್ಲಿ ಕುಳಿತುಕೊಳ್ಳುವವಳು, ನ್ಯಾಯಾಲಯದ ತಾರೀಕಿಗೆ ಕರೆದುಕೊಂಡು ಹೋಗುವವಳು, ಇವರ ದುಡಿಮೆಯೇ ಸೇವೆ. ಸಂಬಳವನ್ನು ‘ಆಡಳಿತ’ವೆಂದು ಕಡಿತಗೊಳಿಸಿದರೆ ಉಳಿಯುವುದು ಹಾಸಿಗೆ ಮತ್ತು ಸಾಂಬಾರು. ವಿದೇಶಿ ದೇಣಿಗೆಯ ಕಾನೂನಿನಲ್ಲಿ ಆಡಳಿತ ವೆಚ್ಚಕ್ಕೆ ಶೇ. 20ರ ಮಿತಿಯಿರುವುದು ನಿಜ, ಆದರೆ ಅದನ್ನೇ ಎಲ್ಲ ಕಡೆ ಅಳತೆಗೋಲಾಗಿ ಹಿಡಿಯುವುದು ಸರಿಯಲ್ಲ. ನಾನು ತಿರುಗಿಸಿ ಕೇಳುತ್ತೇನೆ: ಆಪ್ತಸಮಾಲೋಚಕಿಗೆ ತಿಂಗಳಿಗೆ ಎಷ್ಟು ಕೊಡುತ್ತೀರಿ, ಅವರು ಎಷ್ಟು ವರ್ಷದಿಂದ ಇದ್ದಾರೆ? ವರ್ಷಕ್ಕೊಬ್ಬರು ಬದಲಾಗುತ್ತಿದ್ದರೆ, ಅಲ್ಲಿಗೆ ಬಂದ ಹೆಂಗಸು ತನ್ನ ಕತೆಯನ್ನು ಪ್ರತಿ ಸಲವೂ ಹೊಸಬಳಿಗೆ ಮೊದಲಿನಿಂದ ಹೇಳಬೇಕಾಗುತ್ತದೆ.

ಸರ್ಕಾರದ ಅನುದಾನದಿಂದ ನಡೆಯುವ ಮನೆಗಳ ಲೆಕ್ಕದಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ. ‘ಬರಬೇಕಾದ ಅನುದಾನ’ ಎಂಬ ಸಾಲಿನಲ್ಲಿ ದೊಡ್ಡ ಮೊತ್ತವಿದ್ದರೆ ಸಂಸ್ಥೆ ಕೆಟ್ಟದ್ದೆಂದು ತಿಳಿಯಬೇಡಿ. ಹಣ ತಡವಾಗಿ ಬಿಡುಗಡೆಯಾಗುವುದು ಈ ಕ್ಷೇತ್ರದಲ್ಲಿ ಹೊಸತಲ್ಲ; ಆ ತಿಂಗಳುಗಳಲ್ಲಿ ಅಂಗಡಿಯ ಸಾಲ, ಸಿಬ್ಬಂದಿಯ ತಾಳ್ಮೆ ಇವೆರಡರ ಮೇಲೆ ಮನೆ ನಡೆಯುತ್ತದೆ. ಯಾವ ಶರತ್ತೂ ಇಲ್ಲದ ಖಾಸಗಿ ದೇಣಿಗೆ ನಿಜವಾಗಿ ಬೇಕಾಗುವುದು ಅಲ್ಲಿಯೇ.

ಭೇಟಿಯ ವಿಷಯ

ಹದಿನೈದು ವರ್ಷದ ಹಿಂದೆ ನಮ್ಮ ಶಾಖೆಯ ಮಹಿಳಾ ಸಿಬ್ಬಂದಿಯೆಲ್ಲ ಸೇರಿ ಒಂದು ಆಶ್ರಯಧಾಮಕ್ಕೆ ಸೀರೆ ಮತ್ತು ಹಣ ಕೊಡಲು ಹೋಗಿದ್ದೆವು. ಹಾಲಿನಲ್ಲಿ ಹದಿನೆಂಟೋ ಇಪ್ಪತ್ತೋ ಹೆಂಗಸರನ್ನು ಸಾಲಾಗಿ ಕೂರಿಸಿದ್ದರು. ಪ್ರಾರ್ಥನೆ ಹಾಡಿಸಿದರು. ಆಮೇಲೆ ವ್ಯವಸ್ಥಾಪಕರು ಒಬ್ಬೊಬ್ಬರನ್ನೇ ತೋರಿಸಿ, ಇವಳು ಇಂಥ ಊರಿನವಳು, ಇವಳ ಮಾವನೇ ಇವಳಿಗೆ ಹೀಗೆ ಮಾಡಿದ ಎಂದು ವಿವರಿಸತೊಡಗಿದರು. ಎರಡನೆಯ ಸಾಲಿನಲ್ಲಿದ್ದ ಒಬ್ಬಾಕೆ ಸೆರಗಿನಿಂದ ಮುಖ ಮುಚ್ಚಿಕೊಂಡು ತಲೆ ತಗ್ಗಿಸಿಯೇ ಕುಳಿತಿದ್ದಳು. ಅವಳ ಊರು ನನ್ನ ತವರಿನ ಪಕ್ಕದ ಊರು. ಅವಳಿಗೆ ನನ್ನ ಗುರುತು ಸಿಕ್ಕಿತ್ತು. ಫೋಟೋ ತೆಗೆಸಿಕೊಂಡು ಹೊರಬಂದ ಮೇಲೂ ನಮಗೆ ಯಾರಿಗೂ ಆ ದಿನ ತಪ್ಪೆನಿಸಲಿಲ್ಲ, ಅದೇ ಈಗ ನನ್ನನ್ನು ಕಾಡುತ್ತದೆ. ಲೆಕ್ಕಪತ್ರವನ್ನು ಕೇಳಿದಾಗ ಮಾತ್ರ ಅದೇ ವ್ಯವಸ್ಥಾಪಕರು, ಅದು ಆಡಿಟರ ಬಳಿ ಇದೆ, ಮತ್ತೆ ಕಳಿಸುತ್ತೇನೆ ಎಂದರು. ಕೊನೆಗೂ ಬರಲಿಲ್ಲ.

ಲೈಂಗಿಕ ಅಪರಾಧಕ್ಕೆ ಒಳಗಾದವಳ ಗುರುತನ್ನು ಪ್ರಕಟಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೆಯ ಪ್ರಕರಣದಡಿ ಎರಡು ವರ್ಷದವರೆಗೆ ಶಿಕ್ಷೆಗೆ ಗುರಿಯಾಗುವ ಅಪರಾಧ. ಮಕ್ಕಳ ವಿಷಯದಲ್ಲಿ ಪೋಕ್ಸೋ ಕಾಯ್ದೆಯೂ ಅದನ್ನೇ ಹೇಳುತ್ತದೆ. ಕಾನೂನು ಹಾಗಿರಲಿ, ಮಂಗಳೂರು ಉಡುಪಿ ಎಷ್ಟು ದೊಡ್ಡದಾದರೂ ಊರೇ. ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಪಕ್ಕದ ಸೀಟಿನವರು ಯಾರ ಮನೆಯವರೆಂದು ಕೇಳಿ ಹತ್ತು ನಿಮಿಷದಲ್ಲಿ ಸಂಬಂಧ ಹುಡುಕಿಬಿಡುವ ಊರು. ಕಣ್ಣಿಗೆ ಕಪ್ಪು ಪಟ್ಟಿ ಹಾಕಿದ ಚಿತ್ರದಲ್ಲೂ ಸೀರೆ, ಮಗು, ನಿಲುವು ನೋಡಿ ಗಂಡನ ಮನೆಯವರು ಗುರುತು ಹಿಡಿಯುತ್ತಾರೆ. ಆದ್ದರಿಂದ ಸಂಸ್ಥೆಯ ಕರಪತ್ರವನ್ನೂ ಫೇಸ್‌ಬುಕ್ ಪುಟವನ್ನೂ ಮೊದಲು ನೋಡಿ. ಅಲ್ಲಿ ನಿವಾಸಿಗಳ ಮುಖಗಳಿದ್ದರೆ, ಹುಟ್ಟುಹಬ್ಬದ ಕೇಕು ಹಿಡಿದ ದಾನಿಗಳ ಸುತ್ತ ಅವರನ್ನು ನಿಲ್ಲಿಸಿದ್ದರೆ, ಮುಂದುವರಿಯಬೇಡಿ. ಆಶ್ರಯಧಾಮದ ವಿಳಾಸವನ್ನು ಕೇಳಿದಾಗ, ಅದನ್ನು ಹೇಳುವುದಿಲ್ಲ, ಕಚೇರಿಗೆ ಬನ್ನಿ, ಅಲ್ಲಿ ಮಾತಾಡೋಣ ಎಂದರೆ ಮುನಿಸಿಕೊಳ್ಳಬೇಡಿ. ಅಡುಗೆಮನೆ, ಶೌಚಾಲಯ ನೋಡದೆ ಹೇಗೆ ನಂಬುವುದು ಎಂಬ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ತಪಾಸಣೆ ಕೊನೆಯದಾಗಿ ಯಾವಾಗ ನಡೆಯಿತು, ಹೊರಗಿನ ವೈದ್ಯರು, ವಕೀಲರು ಯಾರು ನಿಯಮಿತವಾಗಿ ಒಳಗೆ ಹೋಗುತ್ತಾರೆ ಎಂದು ಕೇಳಿ. ಉಡುಪಿಯವರಿಗೆ ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾಡಳಿತದ ಸಂಕೀರ್ಣದಲ್ಲಿ ವಿಚಾರಿಸುವುದೇನೂ ಕಷ್ಟವಲ್ಲ.

ಕೇಳಲು ಸಂಕೋಚಪಡುವ ಪ್ರಶ್ನೆಗಳು

ಸಂಸ್ಥೆಯ ಮುಖ್ಯಸ್ಥರೊಂದಿಗೆ ಅರ್ಧ ಗಂಟೆ ಮಾತಾಡುವ ಅವಕಾಶ ಸಿಕ್ಕರೆ ನಾನು ಕೇಳುವ ಮೊದಲ ಪ್ರಶ್ನೆ ರಾಜಿಯ ಕುರಿತು. ‘ನಾವು ಇಷ್ಟು ಸಂಸಾರಗಳನ್ನು ಒಂದುಗೂಡಿಸಿದ್ದೇವೆ’ ಎಂದು ಹೆಮ್ಮೆಪಡುವ ಸಂಸ್ಥೆಗಳಿವೆ. ಹತ್ತು ಸಮಸ್ತರನ್ನು ಕೂರಿಸಿ, ಗಂಡನಿಂದ ಮುಚ್ಚಳಿಕೆ ಬರೆಸಿಕೊಂಡು ಕಳಿಸುವುದು ನಮ್ಮಲ್ಲಿ ಹಳೆಯ ರೂಢಿ. ಹೆಂಗಸು ತಾನಾಗಿ ಬಯಸಿದರೆ ಅದಕ್ಕೆ ನೆರವಾಗುವುದರಲ್ಲಿ ತಪ್ಪಿಲ್ಲ. ಆದರೆ ಹಾಗೆ ಹಿಂದಿರುಗಿದವಳಿಗೆ ಮೂರು ತಿಂಗಳ ನಂತರ ಯಾರಾದರೂ ಫೋನ್ ಮಾಡುತ್ತಾರೆಯೆ? ಅವಳು ಎರಡನೆಯ ಸಲ ಬಂದರೆ ಒಳಗೆ ಸೇರಿಸುತ್ತಾರೆಯೆ, ಇಲ್ಲ, ‘ಆಗಲೇ ಹೇಳಿರಲಿಲ್ಲವೆ’ ಎಂದು ಬುದ್ಧಿ ಹೇಳುತ್ತಾರೆಯೆ? ಮನೆಯಿಂದ ಹೊರಗೆ ತರುವುದೊಂದೇ ದಾರಿಯೆಂದು ತಿಳಿದಿರುವ ಸಂಸ್ಥೆಯೂ ಅರ್ಧ ಮಾತ್ರ ತಿಳಿದದ್ದು. 2005ರ ಕಾಯ್ದೆ ಹೆಂಡತಿಗೆ ಗಂಡನೊಂದಿಗೆ ಬಾಳಿದ ಮನೆಯಲ್ಲೇ ಉಳಿಯುವ ಹಕ್ಕು ಕೊಟ್ಟಿದೆ, ಬೇಕಿದ್ದರೆ ಅವನನ್ನೇ ಹೊರಗಿಡುವ ಆದೇಶವನ್ನು ಮ್ಯಾಜಿಸ್ಟ್ರೇಟರು ಮಾಡಬಹುದು. ಅರ್ಜಿಯ ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ ಆಗಬೇಕೆಂದೂ ಅದು ಹೇಳುತ್ತದೆ. ಆ ಆದೇಶಕ್ಕಾಗಿ ಈ ವರ್ಷ ಎಷ್ಟು ಅರ್ಜಿ ಹಾಕಿಸಿದಿರಿ ಎಂದು ಕೇಳಿ ನೋಡಿ.

ಎರಡನೆಯದು ಮಕ್ಕಳದ್ದು. ಹನ್ನೆರಡು ಹದಿಮೂರು ವರ್ಷದ ಗಂಡುಮಗನನ್ನು ತಾಯಿಯೊಂದಿಗೆ ಇರಿಸಿಕೊಳ್ಳಲು ಬಹಳಷ್ಟು ಮನೆಗಳು ಒಪ್ಪುವುದಿಲ್ಲ. ಮಗನನ್ನು ಬಿಟ್ಟು ಬರಲಾರದೆ ಏಟು ತಿನ್ನುತ್ತಲೇ ಉಳಿಯುವವರು ಇದ್ದಾರೆ. ವಯಸ್ಸಿನ ಮಿತಿ ಎಷ್ಟು, ಮಿತಿ ಮೀರಿದ ಮಗನಿಗೆ ಎಲ್ಲಿ ವ್ಯವಸ್ಥೆ ಮಾಡುತ್ತೀರಿ ಎಂದು ಕೇಳಿ. ವರ್ಗಾವಣೆ ಪತ್ರ ತಡವಾಯಿತೆಂದು ಎಂಟನೆಯ ತರಗತಿಯವರೆಗೆ ಶಾಲೆಗಳು ದಾಖಲಾತಿಯನ್ನು ತಡೆಯುವಂತಿಲ್ಲ ಎಂಬುದು ಶಿಕ್ಷಣ ಹಕ್ಕು ಕಾಯ್ದೆಯಲ್ಲಿದೆ. ಕೆಲಸ ಬಲ್ಲ ವಾರ್ಡನ್ನಿಗೆ ಇದು ಬಾಯಿಪಾಠವಾಗಿರುತ್ತದೆ.

ಮದುವೆಯಾಗದ ತಾಯಂದಿರಿಗೆ ಆಸರೆ ಕೊಡುವ ಮನೆಯಾದರೆ ಮಗುವಿನ ವಿಷಯದಲ್ಲಿ ಸ್ಪಷ್ಟವಾದ ಉತ್ತರ ಪಡೆಯಲೇಬೇಕು. ತಾಯಿ ಮಗುವನ್ನು ಒಪ್ಪಿಸಲು ಬಯಸಿದರೆ ಅದು ಮಕ್ಕಳ ಕಲ್ಯಾಣ ಸಮಿತಿಯ ಮುಂದೆಯೇ ಆಗಬೇಕು, ಮನಸ್ಸು ಬದಲಾಯಿಸಲು ಅವಳಿಗೆ ಎರಡು ತಿಂಗಳ ಕಾಲಾವಕಾಶವಿದೆ. ‘ಒಳ್ಳೆಯ ಮನೆ ನೋಡಿ ನಾವೇ ಕೊಡುತ್ತೇವೆ’ ಎಂಬ ಮಾತು ಕೇಳಿಬಂದರೆ, ಎಷ್ಟೇ ಪವಿತ್ರವಾದ ದನಿಯಲ್ಲಿ ಹೇಳಿದರೂ, ಅದು ಕಾನೂನುಬಾಹಿರ. ಬಂದವಳು ಹದಿನೆಂಟು ತುಂಬದ ಹುಡುಗಿಯಾಗಿದ್ದರೆ ಪೊಲೀಸರಿಗೆ ತಿಳಿಸುವುದು ಪೋಕ್ಸೋ ಕಾಯ್ದೆಯಡಿ ಕಡ್ಡಾಯ. ಮರ್ಯಾದೆಯ ಹೆಸರಿನಲ್ಲಿ ಮುಚ್ಚಿಡುವ ಸಂಸ್ಥೆ ಅಪರಾಧದಲ್ಲಿ ಪಾಲುದಾರನಾಗುತ್ತದೆ.

ಧರ್ಮದ ಪ್ರಶ್ನೆ ಸೂಕ್ಷ್ಮವಾದದ್ದು, ಆದರೂ ನಮ್ಮ ಜಿಲ್ಲೆಗಳಲ್ಲಿ ಅದನ್ನು ಬಿಡುವಂತಿಲ್ಲ. ಇಲ್ಲಿನ ಎಷ್ಟೋ ಒಳ್ಳೆಯ ಕೆಲಸ ಕ್ರೈಸ್ತ ಸನ್ಯಾಸಿನಿಯರಿಂದ, ಮಠಗಳಿಂದ, ಜಮಾಅತ್‌ಗಳಿಂದ ನಡೆದಿದೆ. ಅದನ್ನು ಗೌರವಿಸುತ್ತಲೇ, ಪ್ರಾರ್ಥನೆ ಕಡ್ಡಾಯವೆ, ಬೇರೆ ಧರ್ಮದವಳು ಬಂದರೆ ಅವಳ ಊಟ, ಹಬ್ಬ, ಉಡುಪಿನ ಬಗ್ಗೆ ಏನು ಮಾಡುತ್ತೀರಿ ಎಂದು ಕೇಳಬಹುದು. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ಬೇರೆ ಧರ್ಮದ ಹುಡುಗನನ್ನು ಮದುವೆಯಾಗಲು ಹೊರಟ ಹತ್ತೊಂಬತ್ತು ವರ್ಷದ ಹುಡುಗಿ, ಮನೆಯವರ ಹೊಡೆತಕ್ಕೆ ಹೆದರಿ ನಿಮ್ಮ ಬಾಗಿಲಿಗೆ ಬಂದರೆ ಯಾರಿಗೆ ಮೊದಲು ಫೋನ್ ಮಾಡುತ್ತೀರಿ? ವಯಸ್ಕಳಾದ ಹೆಣ್ಣನ್ನು ಅವಳ ಇಚ್ಛೆಗೆ ವಿರುದ್ಧವಾಗಿ ಯಾರೂ ಇರಿಸಿಕೊಳ್ಳುವಂತಿಲ್ಲ, ಕಳಿಸಿಕೊಡುವಂತೆಯೂ ಇಲ್ಲ. ಈ ಪ್ರಶ್ನೆಗೆ ಉತ್ತರಿಸುವ ಮೊದಲು ಎದುರಿನವರು ಎಷ್ಟು ಹೊತ್ತು ಸುಮ್ಮನಿರುತ್ತಾರೆ ಎಂಬುದನ್ನೂ ನಾನು ಗಮನಿಸುತ್ತೇನೆ.

ಕೊಡುವ ರೀತಿ

ಉಡುಪಿಯವರಿಗೆ ಪಿಗ್ಮಿಯನ್ನು ಪರಿಚಯಿಸಬೇಕಾಗಿಲ್ಲ. 1925ರಲ್ಲಿ ಇಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಿಂದ ಮನೆಮನೆಗೆ ಹೋಗಿ ದಿನಕ್ಕಿಷ್ಟು ಕಾಸೆಂದು ಸಂಗ್ರಹಿಸಿ, ಸಣ್ಣ ಮೊತ್ತಕ್ಕೆ ನಿಯಮಿತತೆ ಸೇರಿದರೆ ಏನಾಗುತ್ತದೆಂದು ತೋರಿಸಿತು. ದೇಣಿಗೆಯಲ್ಲೂ ಅದೇ ಲೆಕ್ಕ. ಒಮ್ಮೆಗೆ ಬಂದ 50,000 ರೂಪಾಯಿ ಬಣ್ಣ ಬಳಿಯಲು ಹೋಗುತ್ತದೆ. ತಿಂಗಳಿಗೆ ತಪ್ಪದೆ ಬರುವ 4,000 ರೂಪಾಯಿಯನ್ನು ನಂಬಿ ಒಬ್ಬ ಅರೆಕಾಲಿಕ ಕೆಲಸಗಾರ್ತಿಯನ್ನು ಇಟ್ಟುಕೊಳ್ಳಬಹುದು. ಯಾವುದಕ್ಕೆ ಬಳಸಬೇಕೆಂದು ಕಟ್ಟುಪಾಡು ಹಾಕಬೇಡಿ. ಹೊರಬಂದವಳಿಗೆ ಮೊದಲ ವಾರ ಬೇಕಾಗುವುದು ಹೊಸ ಸಿಮ್ ಕಾರ್ಡು, ಆಧಾರಿನ ಪ್ರತಿ, ಆಟೋ ಬಾಡಿಗೆ, ಮಗುವಿನ ಕೆಮ್ಮಿನ ಔಷಧಿ. ‘ವಿದ್ಯಾರ್ಥಿವೇತನಕ್ಕೆ ಮಾತ್ರ’ ಎಂದು ಕೊಟ್ಟ ಹಣ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ವಸ್ತುಗಳನ್ನು ಕೊಡುವುದಾದರೆ ಕೇಳಿ ಕೊಡಿ. ಹಳೆಯ ಸೀರೆಗಳು ಎಲ್ಲ ಮನೆಗಳಲ್ಲೂ ರಾಶಿ ಬಿದ್ದಿವೆ. ಒಳ ಉಡುಪು, ಸ್ಯಾನಿಟರಿ ಪ್ಯಾಡ್, ನೈಟಿ, ಬಾಗಿಲಿನ ಚಿಲಕ, ಇನ್ವರ್ಟರಿನ ಬ್ಯಾಟರಿ ಎಂದು ಪಟ್ಟಿ ಬಂದರೆ ಸಂತೋಷಪಡಿ, ಅಲ್ಲಿ ಯಾರೋ ಸರಿಯಾಗಿ ಯೋಚಿಸುತ್ತಿದ್ದಾರೆ. ಅಂಗಡಿಯೋ ಕಚೇರಿಯೋ ನಡೆಸುವವರಾದರೆ ಹಣಕ್ಕಿಂತ ದೊಡ್ಡದೊಂದನ್ನು ಕೊಡಬಹುದು. ಹಿನ್ನೆಲೆ ಕೆದಕದೆ ಒಂದು ಕೆಲಸ ಕೊಡಿ, ಅಥವಾ ಗಂಡನ ಹೆಸರು ಕೇಳದೆ ಒಂದು ಬಾಡಿಗೆ ಕೋಣೆ ಕೊಡಿ. ಒಂಟಿ ಹೆಂಗಸಿಗೆ ಮನೆ ಬಾಡಿಗೆಗೆ ಸಿಗದಿರುವ ಕಾರಣಕ್ಕೇ ಆಶ್ರಯಧಾಮದಲ್ಲಿ ತಿಂಗಳುಗಟ್ಟಲೆ ಉಳಿದವರ ಬಗ್ಗೆ ವಾರ್ಡನ್ನುಗಳು ನನ್ನಲ್ಲಿ ಹೇಳಿದ್ದಿದೆ.

ಬಿಜೈಯ ಗೆಳತಿ ಮೂರು ಸಂಸ್ಥೆಗಳಿಗೆ ಫೋನ್ ಮಾಡಿದರು. ಒಂದರಿಂದ ಕರಪತ್ರ ಬಂತು, ಇನ್ನೊಂದರಿಂದ ಸಮಾರಂಭಕ್ಕೆ ಅತಿಥಿಯಾಗಿ ಬರಬೇಕೆಂಬ ಆಹ್ವಾನ ಬಂತು. ಮೂರನೆಯವರು ಮನೆಯನ್ನು ತೋರಿಸಲು ಒಪ್ಪಲೇ ಇಲ್ಲ, ಆದರೆ ಅದೇ ಸಂಜೆ ಮೂರು ವರ್ಷದ ಲೆಕ್ಕವನ್ನು ಇಮೇಲ್ ಮಾಡಿದರು. ಗೆಳತಿಗೆ ಮೊದಲು ಸ್ವಲ್ಪ ಬೇಸರವಾಗಿತ್ತು. ಆ ಏಪ್ರಿಲ್‌ನಿಂದ ಅವರಿಗೇ ತಿಂಗಳಿಗೆ 4,000 ರೂಪಾಯಿಯಂತೆ ಕಳಿಸತೊಡಗಿದರು. ವರ್ಷ ಕಳೆದು ಮೇ ತಿಂಗಳ ಮೂರನೆಯ ವಾರದಲ್ಲಿ ಪ್ರಮಾಣಪತ್ರದ ಜೊತೆ ಒಂದು ಪುಟದ ವರದಿ ಬಂತು. ಹೆಸರುಗಳಿಲ್ಲ, ಚಿತ್ರಗಳಿಲ್ಲ. ಎಷ್ಟು ಮಂದಿ ಬಂದರು, ಎಷ್ಟು ಮಂದಿ ಸ್ವಂತ ಬಾಡಿಗೆ ಕೋಣೆಗೆ ಹೋದರು, ಎಷ್ಟು ಮಂದಿ ಗಂಡನ ಮನೆಗೆ ಮರಳಿದರು, ಮರಳಿದವರಲ್ಲಿ ಎಷ್ಟು ಮಂದಿ ಮತ್ತೆ ಬಂದರು ಎಂಬ ಸಂಖ್ಯೆಗಳಿದ್ದವು. ರಾತ್ರಿ ಪಾಳಿಯ ವಾರ್ಡನ್ ಸಿಗದೆ ಮಳೆಗಾಲದ ಎರಡು ತಿಂಗಳು ಹೊಸಬರನ್ನು ಸೇರಿಸಿಕೊಳ್ಳಲಾಗಲಿಲ್ಲ ಎಂಬುದನ್ನೂ ಕೊನೆಯ ಸಾಲಿನಲ್ಲಿ ಬರೆದಿದ್ದರು.